ವರ್ಕ್‌ಶಾಪಿನಿಂದ ಗುರುಮಠಕ್ಕೆ

ಕ್ಯಾಥೊಲಿಕ್ ಗುರುಗಳಾಗಲು, ಅಂದರೆ ಫಾದರ್ ಆಗಲು ತರಬೇತಿ ಕೊಡುವ ಗುರುಮಠ ಸೇರಿದಾಗ ನನಗೆ 31 ವರ್ಷ. ಅದಕ್ಕೂ ಮೊದಲು 8 ವರ್ಷ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದೆ. ಅಜ್ಜ ರೈಲ್ವೆ ಕೆಲಸಕ್ಕೆಂದೇ ತಮಿಳು ಸೀಮೆಯಿಂದ ಬಂದವರು. ಮನೆಯೊಳಗೆ ತಮಿಳು, ಓಣಿಯಲ್ಲಿ ಹುಬ್ಬಳ್ಳಿ ಕನ್ನಡ. ಕೆಲಸ ಬಿಡುತ್ತೇನೆ ಅಂದ ದಿನ ಅಮ್ಮ ಎರಡು ಹೊತ್ತು ಊಟ ಮಾಡಲಿಲ್ಲ. ನಾನು ಗುರುವಾಗುವುದು ಅವರಿಗೆ ಬೇಡವಾಗಿರಲಿಲ್ಲ. ತಮ್ಮನ ಓದು ಇನ್ನೂ ಮುಗಿದಿರಲಿಲ್ಲ, ಚಿಂತೆ ಅದು. ಅವನಿಗೆ ಕೆಲಸ ಸಿಗುವವರೆಗೆ ಎರಡು ವರ್ಷ ಕಾದೆ. ಆ ಎರಡು ವರ್ಷ ತಿಂಗಳಿಗೊಮ್ಮೆ ಒಬ್ಬ ಹಿರಿಯ ಗುರುಗಳ ಹತ್ತಿರ ಹೋಗಿ ಕೂತು ಮಾತಾಡುತ್ತಿದ್ದೆ. ಅವರು ಒಮ್ಮೆಯೂ ಬೇಗ ಬಾ ಅನ್ನಲಿಲ್ಲ. ಅದಕ್ಕೆ ಈಗಲೂ ಅವರಿಗೆ ಋಣಿ.

ಸೇರಲು ಬೇಕಾದ ಕಾಗದಪತ್ರ ಹೆಚ್ಚಿಲ್ಲ. ಜ್ಞಾನಸ್ನಾನ (ಬ್ಯಾಪ್ಟಿಸಂ) ಮತ್ತು ದೃಢೀಕರಣದ (ಕನ್ಫರ್ಮೇಶನ್) ಪ್ರಮಾಣಪತ್ರ, ವೈದ್ಯರ ತಪಾಸಣೆ, ನಮ್ಮ ಧರ್ಮಕೇಂದ್ರದ, ಅಂದರೆ ಊರಿನ ಚರ್ಚಿನ ಗುರುಗಳ ಪತ್ರ. ದಾರಿ ಮಾತ್ರ ಉದ್ದ. 1983ರ ಧರ್ಮಸಭೆಯ ಕಾನೂನು ತತ್ವಶಾಸ್ತ್ರಕ್ಕೆ 2, ದೈವಶಾಸ್ತ್ರಕ್ಕೆ 4, ಹೀಗೆ ಕನಿಷ್ಠ 6 ವರ್ಷದ ಓದು ಕೇಳುತ್ತದೆ. ಮೊದಲಿನ ಆಧ್ಯಾತ್ಮಿಕ ತಯಾರಿಯ ವರ್ಷ, ನಡುವೆ ಓದು ನಿಲ್ಲಿಸಿ ಜನರ ನಡುವೆ ಸೇವೆ ಮಾಡುವ ರೆಜೆನ್ಸಿ ಎಲ್ಲ ಸೇರಿ ನನಗೆ 9 ವರ್ಷ ಹಿಡಿಯಿತು.

ನಮ್ಮ ತಂಡದಲ್ಲಿ ಖಾನಾಪುರದ ಕಡೆಯ 19 ವರ್ಷದ ಹುಡುಗನೊಬ್ಬನಿದ್ದ, ಮನೆಮಾತು ಕೊಂಕಣಿ. ಬ್ಯಾಡಗಿ ಹತ್ತಿರದ ಮೆಣಸಿನಕಾಯಿ ರೈತರ ಮಗ ಇನ್ನೊಬ್ಬ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವನೊಬ್ಬ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವನೊಬ್ಬ. ಗಂಟೆ, ನಿಯಮ ಎಲ್ಲರಿಗೂ ಒಂದೇ. ಬೆಳಿಗ್ಗೆ 5ಕ್ಕೆ ಎದ್ದು ಧ್ಯಾನ, ಪ್ರಾರ್ಥನೆ, ಬಲಿಪೂಜೆ (ಚರ್ಚಿನ ಮಾಸ್). ಏಳುವುದು ನನಗೆ ಕಷ್ಟವಾಗಲಿಲ್ಲ. ವರ್ಕ್‌ಶಾಪಿನ ಸೈರನ್ನಿಗೆ ಓಡಿ ಅಭ್ಯಾಸವಿತ್ತು. ಕಷ್ಟವಾದದ್ದು ಚಪ್ಪಲಿ ಹರಿದಾಗ. ಮನೆಗೆ ದುಡಿದು ಹಾಕಿದವನು ಹೊಸ ಚಪ್ಪಲಿಗೆ ದುಡ್ಡು ಕೇಳಬೇಕು. ಹತ್ತು ದಿನ ತಂತಿ ಕಟ್ಟಿಕೊಂಡು ಓಡಾಡಿದೆ. ಕೊನೆಗೆ ಹೋಗಿ ಕೇಳಿದೆ. ತಡವಾಗಿ ಬರುವವರು ಬೇರೆ ಯಾವುದಕ್ಕೂ ಇಷ್ಟು ಅಂಜಬೇಕಿಲ್ಲ, ಕೇಳುವುದನ್ನು ಕಲಿಯಬೇಕು.

ದಿನದ ಪ್ರಾರ್ಥನೆಯಲ್ಲಿ ಹೇಳುವ ಬೈಬಲಿನ ಕೀರ್ತನೆಗಳು ನಾಲ್ಕು ವಾರಕ್ಕೊಮ್ಮೆ ಸುತ್ತಿ ಬರುತ್ತವೆ. ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಮಾತ್ರ ಪ್ರತಿ ಶುಕ್ರವಾರ ರಾತ್ರಿ 88ನೆಯದು. ದುಃಖದ ಬೇರೆ ಹೆಚ್ಚಿನ ಕೀರ್ತನೆಗಳಲ್ಲಿ ಕೊನೆಗಾದರೂ ಒಂದು ಬೆಳಕಿನ ಸಾಲು ಇರುತ್ತದೆ, ಇದು ಕತ್ತಲಲ್ಲೇ ಮುಗಿಯುತ್ತದೆ. ಇದನ್ನು ಯಾಕೆ ಇಟ್ಟಿದ್ದಾರೆ ಎಂದು ನನಗೆ ಒಗಟಾಗಿತ್ತು. ನರ್ಸ್ ಆಗಿದ್ದ ಗೆಳೆಯ ಒಂದು ಸಂಜೆ ಹೇಳಿದ: 'ಐಸಿಯುನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಇದು ಗೊತ್ತಾಗುತ್ತೆ. ಅಲ್ಲಿರೋರು ಮಾತಾಡೋದು ಹೀಗೇ.' ಅಂದಿನಿಂದ ಆ ಕೀರ್ತನೆಯನ್ನು ಯಾರೋ ಒಬ್ಬ ರೋಗಿಯ ಪರವಾಗಿ ಹೇಳುತ್ತ ಬಂದಿದ್ದೇನೆ.

ತತ್ವಶಾಸ್ತ್ರದ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಾನು, ಬ್ಯಾಡಗಿಯವನು ಇಬ್ಬರೂ ಕನ್ನಡ ಮಾಧ್ಯಮ. ಮೊದಲ ಪರೀಕ್ಷೆಯಲ್ಲಿ ಇಬ್ಬರೂ ಫೇಲು. ಆಮೇಲೆ ಒಂದು ರೂಢಿ ಮಾಡಿಕೊಂಡೆವು. ಸಂಜೆ ತೋಟದಲ್ಲಿ ಕಳೆ ಕೀಳುವಾಗ ಅವತ್ತಿನ ಪಾಠವನ್ನು ಒಬ್ಬ ಇನ್ನೊಬ್ಬನಿಗೆ ನಮ್ಮ ಮಾತಿನಲ್ಲೇ ಹೇಳಬೇಕು, ಕೇಳುವವನು ತಿಳಿಯದ ಕಡೆ ತಡೆಯಬೇಕು. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ದೇವರಿದ್ದಾನೆ ಎನ್ನಲು ಕೊಟ್ಟ ಮೊದಲ ವಾದ ಚಲನೆಯದು. ನಾನು ಬೋಗಿಗಳ ಲೆಕ್ಕ ಹೇಳಿದೆ: ಈ ಬೋಗಿಯನ್ನು ಮುಂದಿನದು ಎಳೆಯುತ್ತದೆ, ಅದನ್ನು ಅದರ ಮುಂದಿನದು, ನೂರು ಬೋಗಿ ಜೋಡಿಸಿದರೂ ಇಂಜಿನ್ ಇಲ್ಲದೆ ಗಾಡಿ ಹೊರಡುವುದಿಲ್ಲ. ಬ್ಯಾಡಗಿಯವನು ಕುರುಪಿ ಕೆಳಗಿಟ್ಟು, 'ಇಂಜಿನ್ನಿಗೆ ಡೀಸೆಲ್ ಬೇಕಲ್ಲೋ ಅಣ್ಣಾ' ಅಂದ. ಮರುದಿನ ತರಗತಿಯಲ್ಲಿ ಅದನ್ನೇ ಕೇಳಿದೆವು. ಪ್ರಾಧ್ಯಾಪಕರು ತುಂಬ ಸಂತೋಷಪಟ್ಟರು. ಬೇರೊಂದರಿಂದ ಏನನ್ನೂ ಪಡೆಯದೆ ಚಲನೆ ಕೊಡುವಂಥದ್ದು ಯಾವುದು ಎಂಬುದೇ ಅಕ್ವಿನಾಸರ ಪ್ರಶ್ನೆ, ಇಂಜಿನ್ನಿನ ಹೋಲಿಕೆ ಅಲ್ಲಿಗೆ ಮುಟ್ಟುವುದಿಲ್ಲ ಎಂದು ಬಿಡಿಸಿ ಹೇಳಿದರು. ಮುಂದಿನ ಪರೀಕ್ಷೆಗಳಲ್ಲಿ ಇಬ್ಬರೂ ಪಾಸಾದೆವು.

ರೆಜೆನ್ಸಿಗೆ ಗದಗ ಕಡೆ ಕಳಿಸಿದರು. ಆ ಹಂತದಲ್ಲಿರುವವರು ಬಲಿಪೂಜೆಯಲ್ಲಿ ಪ್ರಬೋಧನೆ, ಅಂದರೆ ಉಪದೇಶ, ಮಾಡುವಂತಿಲ್ಲ. ಅದು ಗುರುದೀಕ್ಷೆಗೆ ಮುಂಚಿನ ಮೆಟ್ಟಿಲಾದ ಡೀಕನ್ ಆದ ಮೇಲೆ. ಆದರೆ ಮನೆಮನೆಯಲ್ಲಿ ನಡೆಯುವ ಜಪಸರ (ರೋಸರಿ) ಕೂಟದಲ್ಲಿ ಶುಭಸಂದೇಶದ, ಅಂದರೆ ಬೈಬಲಿನ ಯೇಸುವಿನ ಕಥೆಯ ಬಗ್ಗೆ ನಾಲ್ಕು ಮಾತು ಹೇಳಬಹುದು. ಮೊದಲ ಕೂಟಕ್ಕೆ ಮೂರು ಪುಟ ಬರೆದುಕೊಂಡು ಹೋಗಿದ್ದೆ. ಮುಗಿದ ಮೇಲೆ ಬೆಟಗೇರಿಯ ನೇಕಾರ ಮನೆಯ ಅಜ್ಜಿಯೊಬ್ಬರು, 'ಭಾಳ ಚೆಂದ ಓದಿದ್ರಿ ಬ್ರದರ್' ಅಂದರು. ಓದಿದ್ರಿ. ಅವರು ಮೆಚ್ಚಿಯೇ ಹೇಳಿದ್ದರು, ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ವಾರ ಯೇಸು ಹೇಳಿದ ಬಿತ್ತುವವನ ಸಾಮತಿ, ಅಂದರೆ ದೃಷ್ಟಾಂತದ ಕಥೆ. ಕಾಗದ ಬಿಟ್ಟು, ಕೂಟಕ್ಕೆ ಒಂದು ತಾಸು ಮೊದಲೇ ಆ ವಾರದ ಕೂಟದ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಯಜಮಾನರಿಗೆ ಕಥೆ ಹೇಳಿದೆ: ಒಬ್ಬ ಬಿತ್ತಾಕ ಹೋದ, ಕೆಲವು ಬೀಜ ದಾರ್ಯಾಗ ಬಿದ್ದವು, ಕೆಲವು ಕಲ್ಲಾಗ, ಕೆಲವು ಮುಳ್ಳಾಗ. ಅವರು ಹುಬ್ಬು ಗಂಟಿಕ್ಕಿ ಕೇಳಿದರು: 'ಅಲ್ರಿ ಬ್ರದರ್, ಕೂರಿಗಿ ಹೂಡಿ ಬಿತ್ತಿದ್ರ ಬೀಜ ದಾರ್ಯಾಗ ಹ್ಯಾಂಗ ಬೀಳತಾವ? ಅವ ಎಂಥಾ ಒಕ್ಕಲಿಗ?' ನಿಜ. ಕಡಲೆ, ಜೋಳ ಸಾಲು ಹಿಡಿದು ಬಿತ್ತುವ ಎರಿ ಹೊಲದವರಿಗೆ ಆ ಬಿತ್ತುವವನು ಮೊದಲು ದಡ್ಡನಂತೆ ಕಾಣುತ್ತಾನೆ. ಯೇಸುವಿನ ನಾಡಿನಲ್ಲಿ ಬೀಜವನ್ನು ಕೈಯಿಂದ ಚೆಲ್ಲುತ್ತಿದ್ದರು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ಅವ ಚೆಲ್ಲೂದ್ರಾಗ ಜಿಪುಣ ಅಲ್ಲ ನೋಡ್ರಿ' ಅಂದರು. ಸಂಜೆಯ ಕೂಟದಲ್ಲಿ ನಾನು ಹೇಳಿದ್ದು ಅವರ ಪ್ರಶ್ನೆಯನ್ನು, ಅವರ ಉತ್ತರವನ್ನು. ಯಾರ ಮಾತು ಎಂದೂ ಹೇಳಿದೆ. ಅಂದಿನಿಂದ ಇಂದಿನವರೆಗೂ ಪ್ರಬೋಧನೆಯ ಭಾಗವನ್ನು ಮೊದಲು ಯಾರಿಗಾದರೂ ಕಥೆಯಾಗಿ ಹೇಳಿ, ಅವರ ಪ್ರಶ್ನೆ ಕೇಳಿಸಿಕೊಳ್ಳದೆ ಪೀಠದ ಮುಂದೆ ನಿಂತಿಲ್ಲ.

ದೈವಶಾಸ್ತ್ರದ ನಾಲ್ಕು ವರ್ಷ ಬೇಗ ಹೋದವು. ಸಾಫ್ಟ್‌ವೇರ್‌ನವನು ಎರಡನೇ ವರ್ಷ ಮನೆಗೆ ಮರಳಿದ. ಅದು ಸೋಲಲ್ಲ, ತನ್ನ ಕರೆ ಬೇರೆ ಎಂದು ಪ್ರಾಮಾಣಿಕವಾಗಿ ತಿಳಿದುಕೊಂಡ, ಗುರುಮಠ ಇರುವುದು ಅದಕ್ಕೂ ಹೌದು. ಖಾನಾಪುರದ ಹುಡುಗ ನನಗಿಂತ ಚೆನ್ನಾಗಿ ಕನ್ನಡ ಪೂಜೆ ಹಾಡುತ್ತಾನೆ.

ನನ್ನ ಗುರುದೀಕ್ಷೆಗೆ ವರ್ಕ್‌ಶಾಪಿನ ಹಳೆಯ ಮಿಸ್ತ್ರಿ ಬಂದಿದ್ದರು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು, ಹಣೆಗೆ ಮೂರು ಬೆರಳ ವಿಭೂತಿ. ಹೊಸ ಗುರುವಿನ ಆಶೀರ್ವಾದಕ್ಕೆ ಜನ ಸಾಲು ನಿಂತಾಗ ಅವರೂ ಬಂದು ನಿಂತು, 'ನನಗೂ ಕೈ ಇಡಪಾ' ಅಂದರು. ಮೊದಲು ಅವರ ಕಾಲು ಮುಟ್ಟಿದೆ, ಆಮೇಲೆ ತಲೆಯ ಮೇಲೆ ಕೈ ಇಟ್ಟೆ.

ಮೊನ್ನೆ ರಾಣೆಬೆನ್ನೂರಿನಿಂದ ಒಬ್ಬರು ಫೋನ್ ಮಾಡಿದ್ದರು. ಟೈಲರ್, 29 ವರ್ಷ. 'ಇಂಗ್ಲಿಷ್ ಬರಂಗಿಲ್ರಿ ಫಾದರ್, ನಡೀತೈತೇನ್ರಿ?' ಎಂದು ಕೇಳಿದರು. ಶುಭಸಂದೇಶದ ಯಾವುದಾದರೂ ಒಂದು ಕಥೆ ಓದಿಕೊಂಡು ಬರ್ರಿ, ನಿಮ್ಮ ಮಾತಿನಾಗ ನನಗೆ ಹೇಳ್ರಿ ಅಂದೆ. ಶನಿವಾರ ಸಂಜೆ ಅಂಗಡಿ ಮುಚ್ಚಿ ಬರುತ್ತಾರೆ.