ಅಪ್ಪನ ಕಣ್ಣಿಗೆ ಅಕ್ಷರ ಜೋಡಿಸಿದ್ದು

ಅಪ್ಪನಿಗೆ ಮೋಟರ್ ನ್ಯೂರಾನ್ ಕಾಯಿಲೆ. ಮೊದಲು ಕೈ ಸೋತವು, ವರ್ಷ ತುಂಬುವುದರೊಳಗೆ ಮಾತು ನಿಂತಿತು. ಈ ಕಾಯಿಲೆಯಲ್ಲಿ ಕಣ್ಣು ತಿರುಗಿಸುವ ಸ್ನಾಯುಗಳು ಸಾಮಾನ್ಯವಾಗಿ ಬಹಳ ಕಾಲ ಉಳಿಯುತ್ತವೆ ಎಂದು ವೈದ್ಯರು ಹೇಳಿದ ದಿನವೇ ಕಲಬುರಗಿಯ ಒಂದು ಫೋಟೊ ಫ್ರೇಮ್ ಅಂಗಡಿಯಲ್ಲಿ ಎರಡಡಿ ಅಗಲದ ಪಾರದರ್ಶಕ ಅಕ್ರಿಲಿಕ್ ಹಾಳೆ ಕತ್ತರಿಸಿಕೊಂಡು ಬಂದೆ.

ಹಾಳೆಯನ್ನು ಇಬ್ಬರ ಮುಖದ ನಡುವೆ ಹಿಡಿಯಬೇಕು. ನಾಲ್ಕು ಮೂಲೆ, ಎಡ-ಬಲದ ನಡುಭಾಗ, ಒಟ್ಟು ಆರು ಜಾಗ. ಒಂದೊಂದು ಜಾಗದಲ್ಲೂ ಒಂದು ಗುಂಪು, ಗುಂಪಿನೊಳಗಿನ ಅಕ್ಷರಗಳೂ ಅದೇ ಆರು ಜಾಗದ ಆಕಾರದಲ್ಲಿ. ಅಪ್ಪನ ಮೊದಲ ನೋಟ ಗುಂಪು ಹೇಳುತ್ತದೆ, ಎರಡನೆಯ ನೋಟ ಅಕ್ಷರ ಹೇಳುತ್ತದೆ. ಈ ಕೆಲಸಕ್ಕೆ ನಮ್ಮ ವರ್ಣಮಾಲೆ ಹೇಳಿ ಮಾಡಿಸಿದಂತಿದೆ. ಮಹಾಪ್ರಾಣ ಕೈಬಿಟ್ಟೆ. ಕ ಗ ಚ ಜ ಒಂದು ಕಡೆ, ಟ ಡ ಣ ಳ ಒಂದು ಕಡೆ, ತ ದ ನ ಪ ಬ ಮ ಇನ್ನೊಂದು, ಯ ರ ಲ ವ ಸ ಹ ಮತ್ತೊಂದು. ಸಾಲೆಯಲ್ಲಿ ಬಾಯಿಪಾಠ ಮಾಡಿದ ಕ್ರಮವಾದ್ದರಿಂದ ಅಪ್ಪ ಅಕ್ಷರ ಹುಡುಕಲೇ ಇಲ್ಲ.

ಸ್ವರ ಬೇಡ, ಊಹಿಸಿಕೊಳ್ಳಬಹುದು ಅಂದುಕೊಂಡಿದ್ದು ನನ್ನ ತಪ್ಪು. ಮೇ ತಿಂಗಳ ಒಂದು ಮಧ್ಯಾಹ್ನ ಗಂಜಿ ಉಣಿಸುವಾಗ ಅಪ್ಪ ಸ, ಕ ಎಂದು ತೋರಿಸಿದರು. "ಸಾಕೇನ್ ಯಪ್ಪಾ?" ಎಂದು ಬಟ್ಟಲು ತೆಗೆದಿಟ್ಟೆ. ಅವರು ಹೇಳಿದ್ದು ಸೆಕೆ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಹಸಿದ ಮನುಷ್ಯನ ಮುಂದಿನಿಂದ ಊಟ ಎತ್ತಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಅಂದೇ ಐದನೆಯ ಜಾಗಕ್ಕೆ ಅ ಇ ಉ ಎ ಒ ಮತ್ತು ದೀರ್ಘದ ಗುರುತು ಬರೆದೆ. ಆರನೆಯದು ಹೌದು, ಅಲ್ಲ, ತಪ್ಪಾಯ್ತು, ಪದ ಮುಗೀತು.

ಆಮೇಲೆ ಅಣ್ಣನ ಐಪ್ಯಾಡ್ ಬಂತು. 2024ರ ಐಒಎಸ್ 18, ಐಪ್ಯಾಡ್‌ಒಎಸ್ 18ರಿಂದ ಸೆಟ್ಟಿಂಗ್ಸಿನ ಆಕ್ಸೆಸಿಬಿಲಿಟಿಯೊಳಗೆ ಐ ಟ್ರ್ಯಾಕಿಂಗ್, ಅಂದರೆ ಬೆರಳಿಲ್ಲದೆ ನೋಟದಿಂದಲೇ ಪರದೆ ನಡೆಸುವ ಸೌಲಭ್ಯ ಇದೆ, ಮುಂದಿನ ಕ್ಯಾಮೆರಾ ಒಂದೇ ಸಾಕು. ಇದಕ್ಕೆಂದೇ ಮಾಡಿದ ದುಬಾರಿ ಯಂತ್ರಗಳು ಕಣ್ಣಿನ ಮೇಲೆ ಕಾಣದ ಅವಕೆಂಪು ಬೆಳಕು ಬಿಟ್ಟು, ಕಣ್ಣಿನ ಮುಂಪೊರೆಯ ಮೇಲೆ ಮಿನುಗುವ ಚುಕ್ಕೆಗೂ ಕಣ್ಣಪಾಪೆಯ ನಡುವಿಗೂ ಇರುವ ಅಂತರದಿಂದ ನೋಟದ ದಿಕ್ಕು ಲೆಕ್ಕ ಹಾಕುತ್ತವೆ. ಅವು ಹೆಚ್ಚು ಕರಾರುವಾಕ್ಕು, ಆದರೆ ನಮ್ಮ ಕೈಗೆಟುಕುವ ಬೆಲೆಯವಲ್ಲ.

ಐಪ್ಯಾಡನ್ನು ಮುಖದಿಂದ ಒಂದೂವರೆ ಅಡಿ ದೂರ, ಅಲುಗದ ಸ್ಟ್ಯಾಂಡಿನ ಮೇಲೆ ಇಟ್ಟೆ. ಐಪ್ಯಾಡ್ ನೋಟ ಗುರುತಿಸಲು ಕಲಿಯಲೆಂದು ಪರದೆಯ ಮೇಲೆ ಓಡಾಡುವ ಚುಕ್ಕೆಯನ್ನು ಅಪ್ಪ ಕಣ್ಣಲ್ಲೇ ಹಿಂಬಾಲಿಸಿದರು. ಬೆನ್ನ ಹಿಂದೆ ಕಿಟಕಿ ಇದ್ದಷ್ಟು ದಿನ ಏನೂ ಸರಿಬರಲಿಲ್ಲ. ನಮ್ಮೂರ ಬಿಸಿಲಿಗೆ ಮುಖ ಕಪ್ಪಾಗಿ ಕಾಣುತ್ತಿತ್ತು. ಮಂಚ ತಿರುಗಿಸಿದ ಮೇಲೆ ಸರಿಹೋಯಿತು. ದಿಂಬು ಬದಲಿಸಿದಾಗಲೆಲ್ಲ ಚುಕ್ಕೆಯ ಕೆಲಸ ಮತ್ತೆ ಮೊದಲಿನಿಂದ.

ಇನ್ನೊಂದು ತೊಡಕು ಭಸ್ಮಾಸುರನ ಕೈಯಂಥದ್ದು. ಓದುವಾಗ ನಮ್ಮ ಕಣ್ಣು ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು ಮುಂದೆ ಜಿಗಿಯುತ್ತದೆ. ಐಪ್ಯಾಡಿನಲ್ಲಿ ಒಂದು ಕಡೆ ಇಷ್ಟು ಹೊತ್ತು ನೋಟ ನಿಲ್ಲಿಸಿದರೆ ಅದನ್ನು ಒತ್ತಿದಂತೆ. ಆ ಸಮಯವನ್ನು ತೀರಾ ಕಡಿಮೆ ಇಟ್ಟರೆ ಕಣ್ಣು ಬಿದ್ದದ್ದೆಲ್ಲ ಒತ್ತಿಬಿಡುತ್ತದೆ. ಬೇಗ ಆಗಲಿ ಎಂದು ಹಾಗೆ ಇಟ್ಟು ಅಪ್ಪನನ್ನು ದಣಿಸಿದೆ. ಎರಡು ಸೆಕೆಂಡಿಗೆ ಏರಿಸಿದ ಮೇಲೆ ಅವರ ಹುಬ್ಬು ಸಡಿಲಾಯಿತು.

ಕೀಬೋರ್ಡ್ ಬಿಟ್ಟುಬಿಟ್ಟೆ. ಆ ದೂರದಲ್ಲಿ ನೋಟ ಒಂದು ಡಿಗ್ರಿ ತಪ್ಪಿದರೂ ಪರದೆಯ ಮೇಲೆ 8 ಮಿಲಿಮೀಟರ್ ಜಾರುತ್ತದೆ. ಅದರ ಬದಲು ಆರು ದೊಡ್ಡ ಚೌಕಗಳ ಪುಟ, ಒತ್ತಿದರೆ ರೆಕಾರ್ಡ್ ಮಾಡಿದ ಮಾತು. ಅಪ್ಪನ ದನಿ ಇದ್ದಾಗ ಉಳಿಸಿಟ್ಟಿರಲಿಲ್ಲ. ನಿಮ್ಮ ಮನೆಯಲ್ಲಿ ಈ ಕಾಯಿಲೆ ಈಗಷ್ಟೇ ಗೊತ್ತಾಗಿದ್ದರೆ ಇವತ್ತೇ ರೆಕಾರ್ಡ್ ಮಾಡಿಕೊಳ್ಳಿ. ನಮ್ಮಲ್ಲಿ ಕಾಕಾ ದನಿ ಕೊಟ್ಟರು.

ನೀರು, ನೋವು, ಸಂಡಾಸ, ಮಗ್ಗಲು, ಫ್ಯಾನ್, ಸಾಕು. ಇವಿಷ್ಟೇ ನಾನು ಹಾಕಿದ ಚೌಕ. ನಾಲ್ಕು ದಿನ ಬಳಸಿದ ಅಪ್ಪ ಐದನೆಯ ದಿನ ಪರದೆ ಬಿಟ್ಟು ಅಕ್ರಿಲಿಕ್ ಹಾಳೆಯ ಕಡೆ ನೋಡಿದರು. ಹಿಡಿದೆ. ತ, ಒ, ಗ, ರ, ಇ. ಐದು ಅಕ್ಷರಕ್ಕೆ ಹತ್ತು ನೋಟ. ನಲವತ್ತು ವರ್ಷ ತೊಗರಿ ಬೆಳೆದವರಿಗೆ ನಾನು ನೀರು, ಸಂಡಾಸದ ಮಾತಷ್ಟೇ ಕೊಟ್ಟಿದ್ದೆ.

ಸಾಕು, ಫ್ಯಾನ್ ಎರಡನ್ನೂ ಹಾಳೆಗೇ ಬಿಟ್ಟೆವು. ಅವುಗಳ ಜಾಗದಲ್ಲಿ ಈಗ "ಯಾರ್ ಬಂದಾರ?" ಮತ್ತು "ಗಂಜ್‌ನಾಗ ಇವತ್ತ ತೊಗರಿ ಧಾರಣಿ ಎಷ್ಟದ?" ಸಂಜೆ ಕಾಕಾ ಒಳಗೆ ಬರುತ್ತಲೇ ಐಪ್ಯಾಡಿನಿಂದ ಅವರದೇ ದನಿ ಅವರನ್ನು ಕೇಳುತ್ತದೆ. ಚಪ್ಪಲಿ ಬಿಡುವ ಮೊದಲೇ ಕಾಕಾ ರೇಟು ಹೇಳುತ್ತಾರೆ.