ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೆ ವೈಂಡಿಂಗ್ ಕೆಲಸಕ್ಕೆ ಮರಳಿದ ಬಗೆ: ನನ್ನ ಅನುಭವ

ಚಿತ್ರದುರ್ಗದಲ್ಲಿ ಮೂವತ್ತು ವರ್ಷಗಳಿಂದ ಕೊಳವೆಬಾವಿ ಮೋಟಾರುಗಳ ವೈಂಡಿಂಗ್ ಮಾಡಿಕೊಂಡು ಬಂದಿದ್ದೇನೆ. 2021ರ ನವೆಂಬರ್‌ನಲ್ಲಿ ಹೊಳಲ್ಕೆರೆ ಕಡೆಯ ರೈತರೊಬ್ಬರ ಮೋಟಾರಿಗೆ ತಂತಿ ಸುತ್ತುತ್ತಿದ್ದಾಗ ಕಣ್ಣಿಗೆ ಕತ್ತಲೆ ಕವಿದು ಅಂಗಡಿಯಲ್ಲೇ ಕುಸಿದುಬಿದ್ದೆ. ಅದಕ್ಕೂ ಎರಡು ತಿಂಗಳು ಮೊದಲಿನಿಂದ ಮನೆಯ ಮಹಡಿ ಹತ್ತಿದರೂ ಏದುಸಿರು ಬರುತ್ತಿತ್ತು. ವಯಸ್ಸಾಯಿತೆಂದು ಸುಮ್ಮನಿದ್ದುದು ನನ್ನ ತಪ್ಪು. ಇಸಿಜಿ ತೆಗೆದಾಗ ನಾಡಿ ನಿಮಿಷಕ್ಕೆ 34 ಇತ್ತು. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳನ್ನು ತಲುಪುತ್ತಲೇ ಇಲ್ಲ, ಇದಕ್ಕೆ ಮಾತ್ರೆಯಿಂದ ಪರಿಹಾರವಿಲ್ಲ ಎಂದು ವೈದ್ಯರು ತಿಳಿಸಿದರು. ಅರವತ್ತು ಕಿಲೋಮೀಟರ್ ದೂರದ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಮರುದಿನವೇ ಎರಡು ಲೀಡ್‌ಗಳ ಪೇಸ್‌ಮೇಕರ್, ಅಂದರೆ ವಿದ್ಯುತ್ ಸಂಕೇತ ಕೊಟ್ಟು ಹೃದಯವನ್ನು ಮಿಡಿಸುವ ಯಂತ್ರ, ಅಳವಡಿಸಿದರು. ಎಡಗಡೆ ಕತ್ತಿನಿಂದ ಭುಜಕ್ಕೆ ಚಾಚಿದ ಮೂಳೆಯ ಕೆಳಗೆ ಚರ್ಮದಡಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ, ಅಲ್ಲಿಂದ ರಕ್ತನಾಳದ ಮೂಲಕ ಹೃದಯಕ್ಕೆ ಇಳಿದ ಎರಡು ತಂತಿಗಳು; ಈ ತಂತಿಗಳೇ ಲೀಡ್‌ಗಳು. ನೋವು ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಇತ್ತು.

ಕಷ್ಟವಾದದ್ದು ಆಮೇಲಿನ ಆರು ವಾರ. ಲೀಡ್‌ಗಳು ಹೃದಯದ ಗೋಡೆಯಲ್ಲಿ ಗಟ್ಟಿಯಾಗಿ ಕೂರುವವರೆಗೆ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು ಎಂದು ಹೇಳಿದ್ದರು. ಭುಜದ ಮಟ್ಟದವರೆಗೆ ಕೈಯನ್ನು ದಿನವೂ ಆಡಿಸುತ್ತಿರಬೇಕು ಎಂದೂ ಅದೇ ಉಸಿರಿನಲ್ಲಿ ಹೇಳಿದ್ದರು. ಭಯದಲ್ಲಿದ್ದ ನನಗೆ ಮೊದಲಿನದು ಮಾತ್ರ ಕಿವಿಗೆ ಬಿದ್ದಿತ್ತು. ಕೈಯನ್ನು ಎದೆಗೆ ಅವುಚಿಕೊಂಡೇ ಕಾಲ ಕಳೆದೆ. ಆರನೆಯ ವಾರದ ಹೊತ್ತಿಗೆ ಅಂಗಿಯ ತೋಳಿಗೆ ಕೈ ತೂರಿಸಲಾಗದಷ್ಟು ಭುಜ ಬಿಗಿದುಕೊಂಡಿತ್ತು. ಅದನ್ನು ಸಡಿಲಿಸಲು ಮತ್ತೆ ಎರಡು ತಿಂಗಳು ಫಿಸಿಯೋಥೆರಪಿ ಬೇಕಾಯಿತು. ಹೊಸದಾಗಿ ಹಾಕಿಸಿಕೊಂಡವರು ಈ ತಪ್ಪು ಮಾಡಬಾರದೆಂದು ನನ್ನ ಕಳಕಳಿಯ ವಿನಂತಿ. ಗಾಯ ಒಣಗುವವರೆಗೆ ಅದಕ್ಕೆ ನೀರು ತಾಗಿಸಲಿಲ್ಲ. ಕೆಂಪಾಗುವುದು, ಊದುವುದು, ಕೀವು ಅಥವಾ ಜ್ವರ ಕಂಡರೆ ಮನೆಮದ್ದು ಮಾಡದೆ ತಕ್ಷಣ ಬರಬೇಕೆಂದು ತಾಕೀತು ಮಾಡಿದ್ದರಿಂದ ನನ್ನ ಹೆಂಡತಿ ದಿನವೂ ಬೆಳಕಿನಲ್ಲಿ ನಿಲ್ಲಿಸಿ ನೋಡುತ್ತಿದ್ದಳು. ಕಾರಿನಲ್ಲಿ ಚಾಲಕರ ಪಕ್ಕ ಕುಳಿತರೆ ಸೀಟ್‌ಬೆಲ್ಟ್ ನೇರವಾಗಿ ಎಡ ಭುಜದ ಮೇಲೆ, ಡಬ್ಬಿಯ ಮೇಲೆಯೇ ಒತ್ತುತ್ತದೆ. ಬೆಲ್ಟ್ ಬಿಚ್ಚುವುದು ಸರಿಯಲ್ಲವಾದ್ದರಿಂದ ಅದರಡಿಗೆ ಮಡಿಸಿದ ಟವೆಲ್ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಕೆಲಸಕ್ಕೆ ಮರಳಬಹುದೇ ಎಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು. ಕರೆಂಟಿನ ನಡುವೆಯೇ ಬದುಕುವವನು ಅಂಗಡಿ ಮುಚ್ಚಬೇಕೆಂದು ನೆಂಟರೆಲ್ಲ ತೀರ್ಮಾನಿಸಿದ್ದರು. ನಾನು ಅಂಗಡಿಯಲ್ಲಿರುವ ಒಂದೊಂದು ಸಲಕರಣೆಯ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರ ಮುಂದಿಟ್ಟೆ. ಅವರು ಸಮಾಧಾನದಿಂದ ಒಂದೊಂದನ್ನೂ ವಿಚಾರಿಸಿದರು. ತಂತಿ ಸುತ್ತುವುದು, ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರ್ ಇವುಗಳಿಗೆ ಅಡ್ಡಿಯಿಲ್ಲ. ಓಡುತ್ತಿರುವ ಮೋಟಾರನ್ನು ಎದೆಗೆ ತಾಗುವಂತೆ ಬಗ್ಗಿ ನೋಡದೆ ತೋಳಿನಳತೆ ದೂರದಲ್ಲಿ ನಿಲ್ಲಬೇಕು. ಸುರುಳಿಯ ಶಾರ್ಟ್ ಹುಡುಕಲು ಬಳಸುವ ಗ್ರೌಲರ್ ಎಂದರೆ ಪ್ರಬಲವಾದ ವಿದ್ಯುತ್ಕಾಂತವೇ ಆದ್ದರಿಂದ ಅದರ ಸಮೀಪ ಹೋಗಬಾರದು. ವೆಲ್ಡಿಂಗ್ ಪೂರ್ತಿ ಬಿಡಬೇಕು. ಈ ಎರಡನ್ನೂ ಈಗ ನಮ್ಮ ಹುಡುಗ ನೋಡಿಕೊಳ್ಳುತ್ತಾನೆ. ನಾನು ಮರೆತು ಆ ಮೂಲೆಗೆ ಹೋದರೆ "ಯಜಮಾನ್ರೇ, ಅಲ್ಲೇ ನಿಲ್ರಿ" ಎಂದು ಕೂಗುತ್ತಾನೆ. ಮೈಮೂಲಕ ಹರಿಯುವ ಸಣ್ಣ ಸೋರಿಕೆಯ ಕರೆಂಟನ್ನೂ ಪೇಸ್‌ಮೇಕರ್ ಹೃದಯದ ಬಡಿತವೆಂದು ತಪ್ಪಾಗಿ ತಿಳಿದು ತನ್ನ ಕೆಲಸ ನಿಲ್ಲಿಸಬಹುದಾದ್ದರಿಂದ, ಕೆಲಸ ಆರಂಭಿಸುವ ಮುನ್ನ ಅಂಗಡಿಯ ಅರ್ಥಿಂಗ್ ಹೊಸದಾಗಿ ಮಾಡಿಸಿದೆ. ಮೊಬೈಲನ್ನು ಎಡ ಜೇಬಿನಿಂದ ಪ್ಯಾಂಟಿನ ಜೇಬಿಗೆ ಬದಲಾಯಿಸಿ, ಬಲಗಿವಿಯಲ್ಲಿ ಮಾತನಾಡುತ್ತೇನೆ. ಡಬ್ಬಿಗೂ ಫೋನಿಗೂ ಕನಿಷ್ಠ 15 ಸೆಂಟಿಮೀಟರ್ ಅಂತರವಿರಬೇಕು. ಮನೆಯ ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ.

ಮೂರನೆಯ ತಿಂಗಳ ತಪಾಸಣೆಗೆ ಫೆಬ್ರವರಿಯಲ್ಲಿ ಹೋಗಬೇಕಿತ್ತು. ನಮ್ಮ ಸೀಮೆಯಲ್ಲಿ ಆಗಲೇ ಮೋಟಾರುಗಳು ಸುಡಲು ಶುರುವಾಗುತ್ತವೆ. ತೋಟ ಒಣಗುತ್ತಿದೆಯೆಂದು ಬಂದವರನ್ನು ಹಿಂದಕ್ಕೆ ಕಳುಹಿಸಲಾಗದೆ, ಮೈಯೂ ಹಗುರವಾಗಿದ್ದುದರಿಂದ, ಜೂನ್‌ವರೆಗೆ ಮುಂದೂಡಿದೆ. ಅಂದು ತಂತ್ರಜ್ಞರು ಡಬ್ಬಿಯ ಮೇಲೆ ಅಂಗಿಯ ಹೊರಗಿನಿಂದಲೇ ಒಂದು ಉಪಕರಣವಿಟ್ಟು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಓದಿದರು. ಲೀಡ್‌ನ ರೋಧ 560 ಓಮ್ ಎಂದಾಗ ನನಗೆ ಆದ ನೆಮ್ಮದಿ ಹೇಳತೀರದು. ತಂತಿ ತುಂಡಾದರೆ ರೋಧ ಏರುತ್ತದೆ, ಹೊದಿಕೆ ಸವೆದರೆ ಇಳಿಯುತ್ತದೆ ಎಂಬುದು ನಾನು ದಿನವೂ ಮೀಟರಿನಲ್ಲಿ ನೋಡುವ ಸಂಗತಿ. ನನ್ನ ಎದೆಯೊಳಗೂ ಅದೇ ಲೆಕ್ಕ ನಡೆಯುತ್ತದೆಂದು ತಿಳಿದ ಮೇಲೆ ಆ ಡಬ್ಬಿ ಪರಕೀಯವೆನಿಸಲಿಲ್ಲ. ಬಳಿಕ "ಸ್ವಲ್ಪ ತಲೆ ಸುತ್ತಿದಂತಾಗಬಹುದು, ಹಾಗಾದರೆ ಹೇಳಿ" ಎಂದು ಎಚ್ಚರಿಸಿ ಯಂತ್ರದ ವೇಗವನ್ನು ನಿಧಾನವಾಗಿ ಇಳಿಸಿದರು. ಪರದೆಯಲ್ಲಿ 50, 40 ಎಂದು ಇಳಿಯುತ್ತಿದ್ದಂತೆ ಅಂಗಡಿಯಲ್ಲಿ ಕವಿದ ಕತ್ತಲೆಯೇ ಮತ್ತೆ ಅಂಚಿನಿಂದ ಬರತೊಡಗಿತು. ನಾನು ಕೈಯೆತ್ತಿದ ತಕ್ಷಣ ಮೊದಲಿನಂತೆ ಮಾಡಿದರು. ನನ್ನ ಹೃದಯದ ಕೆಳಕೋಣೆ ಬಹುತೇಕ ಪ್ರತಿ ಬಡಿತಕ್ಕೂ ಈ ಯಂತ್ರವನ್ನೇ ಅವಲಂಬಿಸಿದೆ ಎಂಬುದು ಅಂದು ಮನದಟ್ಟಾಯಿತು.

ತಡಮಾಡಿದ್ದರ ನಷ್ಟವೂ ಅಂದೇ ತಿಳಿಯಿತು. ಮೊದಲ ವಾರಗಳಲ್ಲಿ ಲೀಡ್‌ನ ತುದಿಯ ಸುತ್ತ ಊತವಿರುವುದರಿಂದ ಹೃದಯವನ್ನು ಮಿಡಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಆದ್ದರಿಂದ ಯಂತ್ರವನ್ನು 3.5 ವೋಲ್ಟಿಗೆ ಇಟ್ಟಿದ್ದರು. ಊತ ಇಳಿದ ಮೇಲೆ ನನಗೆ ಬೇಕಾಗುತ್ತಿದ್ದುದು 1 ವೋಲ್ಟಿಗೂ ಕಡಿಮೆ. ಸುರಕ್ಷತೆಗೆ ಸಾಕಷ್ಟು ಬಿಟ್ಟು 2.5ಕ್ಕೆ ಇಳಿಸಿದಾಗ ಬ್ಯಾಟರಿಯ ಅಂದಾಜು ಆಯಸ್ಸು ಏಳು ವರ್ಷದಿಂದ ಹತ್ತಕ್ಕೆ ಏರಿತು. ನಾಲ್ಕು ತಿಂಗಳು ನಾನು ಸುಮ್ಮನೆ ಬ್ಯಾಟರಿ ಸುಟ್ಟಿದ್ದೆ.

ಅಂದಿನಿಂದ ಆರು ತಿಂಗಳಿಗೊಮ್ಮೆ ತಪ್ಪದೆ ದಾವಣಗೆರೆಗೆ ಹೋಗುತ್ತೇನೆ. ಬೆಳಿಗ್ಗೆ ಎದ್ದೊಡನೆ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನನ್ನ ಯಂತ್ರ 60ಕ್ಕಿಂತ ಕೆಳಗಿಳಿಯದಂತೆ ಹೊಂದಿಸಿರುವುದರಿಂದ, ಎರಡು ಸಲ ಎಣಿಸಿದರೂ ಕಡಿಮೆ ಬಂದರೆ ಆಸ್ಪತ್ರೆಗೆ ಫೋನ್ ಮಾಡಬೇಕೆಂದು ಮನೆಯವರಿಗೆಲ್ಲ ತಿಳಿಸಿದ್ದೇನೆ. ಪೇಸ್‌ಮೇಕರ್ ಕಾರ್ಡ್ ಸದಾ ಪರ್ಸಿನಲ್ಲಿರುತ್ತದೆ. ಬೆಂಗಳೂರಿನ ಮೆಟ್ರೋದಲ್ಲಿ ಅದನ್ನು ತೋರಿಸಿ, ಲೋಹಶೋಧಕದ ಚೌಕಟ್ಟಿನಲ್ಲಿ ನಿಲ್ಲದೆ ಸರಾಗವಾಗಿ ದಾಟುತ್ತೇನೆ. ಹಲ್ಲಿನ ವೈದ್ಯರಿಗೂ ಸ್ಕ್ಯಾನಿಂಗ್ ಮಾಡುವವರಿಗೂ ಮೊದಲು ಅದನ್ನೇ ಕೊಡುತ್ತೇನೆ. ಎಂಆರ್‌ಐ ಎಲ್ಲ ಪೇಸ್‌ಮೇಕರ್‌ಗಳಿಗೂ ಹೊಂದುವುದಿಲ್ಲ, ಹೊಂದುವ ಪೇಸ್‌ಮೇಕರ್‌ಗೂ ಮುಂಚೆ ಸೆಟ್ಟಿಂಗ್ ಬದಲಾಯಿಸಬೇಕಾಗುತ್ತದೆ. ಬ್ಯಾಟರಿ ಮುಗಿಯುವ ಕಾಲಕ್ಕೆ ಡಬ್ಬಿಯನ್ನು ಇಡಿಯಾಗಿ ಬದಲಿಸುತ್ತಾರೆ, ಲೀಡ್‌ಗಳು ಚೆನ್ನಾಗಿದ್ದರೆ ಅವನ್ನೇ ಉಳಿಸಿಕೊಳ್ಳುತ್ತಾರೆ. ನಾನು ತೀರಿಕೊಂಡರೆ ದಹನಕ್ಕೆ ಮುಂಚೆ ಡಬ್ಬಿಯನ್ನು ತೆಗೆಸಲೇಬೇಕು, ಬೆಂಕಿಯಲ್ಲಿ ಅದು ಸಿಡಿಯುತ್ತದೆ ಎಂಬುದನ್ನೂ ಮಗನನ್ನು ಕೂರಿಸಿಕೊಂಡು ಹೇಳಿದ್ದೇನೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಫೈಲಿನ ಮೊದಲ ಪುಟದಲ್ಲಿ ತಾನೇ ಅದನ್ನು ಬರೆದಿಟ್ಟ.