ಎತ್ತರ ಕಡಿಮೆ ಇರುವವರು ತುಪ್ಪುಳದ ಸ್ಲೀಪಿಂಗ್ ಬ್ಯಾಗ್ ಆರಿಸುವ ಬಗೆ

ಮಲೆನಾಡಿನ ಚಳಿಗೆ ಒಂದು ಒಳ್ಳೆಯ ಕಂಬಳಿ ಸಾಕು. 1,343 ಮೀಟರ್ ಎತ್ತರದ ಕೊಡಚಾದ್ರಿಯ ಡಿಸೆಂಬರ್ ರಾತ್ರಿಯನ್ನು ಕಂಬಳಿ ಹೊದ್ದೇ ಕಳೆದ ನನ್ನಂಥವರು ಹಿಮಾಲಯದ ಚಳಿಗಾಲದ ಚಾರಣಕ್ಕೆ ಹೊರಟಾಗ ಮಾತ್ರ, ಡೌನ್ ಎಂದು ಕರೆಯುವ ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ತುಪ್ಪುಳ ತುಂಬಿದ ಸ್ಲೀಪಿಂಗ್ ಬ್ಯಾಗಿನ ಅಗತ್ಯ ಬೀಳುತ್ತದೆ. ನನ್ನ ಎತ್ತರ ಐದು ಅಡಿ ಒಂದು ಅಂಗುಲ. ಮೊದಲ ಸಲ ಶಿವಮೊಗ್ಗದ ಸ್ನೇಹಿತರೊಬ್ಬರಿಂದ ಎರವಲು ತಂದ ಚೀಲ ಬೆಲೆಬಾಳುವಂಥದ್ದೇ ಆಗಿತ್ತು. ಆದರೂ ಬೆಳಗಿನವರೆಗೆ ಪಾದಗಳು ಬೆಚ್ಚಗಾಗಲಿಲ್ಲ. ತಪ್ಪು ಚೀಲದ್ದಲ್ಲ, ಅದರ ಉದ್ದದ್ದು.

ಚೀಲ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ತುಪ್ಪುಳದ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ನಮ್ಮ ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ಸಾಮಾನ್ಯ ಅಳತೆಯ ಚೀಲಗಳನ್ನು ಸುಮಾರು ಆರು ಅಡಿಯವರೆಗಿನ ಎತ್ತರದವರಿಗಾಗಿ ಹೊಲಿಯುವುದರಿಂದ, ಐದು ಅಡಿಯವರು ಅದರಲ್ಲಿ ಮಲಗಿದರೆ ಕಾಲಿನ ಕಡೆ ಒಂದು ಅಡಿಯಷ್ಟು ಜಾಗ ಬರಿದಾಗಿ ಉಳಿಯಬಹುದು. ಆ ಖಾಲಿ ಜಾಗವನ್ನೂ ರಾತ್ರಿಯಿಡೀ ನಮ್ಮ ಮೈಯೇ ಕಾಯಿಸಬೇಕಾಗುತ್ತದೆ. ಕಾಲು ಚೀಲದ ತುದಿಯವರೆಗೆ ತಲುಪಲಿ ಎಂದು ಕೆಳಗೆ ಸರಿದರೆ, ಮುಖದ ಸುತ್ತ ಇರಬೇಕಾದ ಟೋಪಿ ತಲೆಯ ಮೇಲೆಲ್ಲೋ ಉಳಿದು, ಭುಜದ ಬಳಿ ತಣ್ಣನೆಯ ಗಾಳಿಯನ್ನು ತಡೆಯಬೇಕಾದ ಕತ್ತಿನ ಪಟ್ಟಿ ಮೂಗಿನ ಹತ್ತಿರ ಬರುತ್ತದೆ. ಇದರ ಜೊತೆಗೆ, ಉಪಯೋಗಕ್ಕೆ ಬಾರದ ಉದ್ದದ ತೂಕವನ್ನೂ ಬೆನ್ನ ಮೇಲೆ ಹೊರಬೇಕು.

ಆದ್ದರಿಂದ ಮೊದಲು ನೋಡಬೇಕಾದದ್ದು ಉದ್ದವನ್ನು. ಕಂಪನಿಯವರು ಚೀಲದ ಒಟ್ಟು ಉದ್ದ ಮತ್ತು ಅದು ಎಷ್ಟು ಎತ್ತರದವರಿಗೆ ಎಂಬ ಎರಡು ಅಳತೆಗಳನ್ನು ಕೊಡುತ್ತಾರೆ. ನಮಗೆ ಬೇಕಾದದ್ದು ಎರಡನೆಯದು. ಅಂಗಾತ ಮಲಗಿದಾಗ ಪಾದ ಮುಂದಕ್ಕೆ ಚಾಚಿಕೊಳ್ಳುವುದರಿಂದ, ನಿಮ್ಮ ಎತ್ತರಕ್ಕಿಂತ ಐದರಿಂದ ಹತ್ತು ಸೆಂಟಿಮೀಟರ್ ಹೆಚ್ಚು ಎತ್ತರದವರಿಗೆ ಹೊಲಿದ ಚೀಲ ಸರಿಹೋಗುತ್ತದೆ. ‘ಶಾರ್ಟ್’ ಅಳತೆ ಸಿಗದಿದ್ದರೆ ಮಹಿಳೆಯರ ಚೀಲಗಳನ್ನು ನೋಡಬಹುದು. ಅವು ಸಾಮಾನ್ಯವಾಗಿ ಗಿಡ್ಡವಾಗಿ, ಭುಜದಲ್ಲಿ ಕಿರಿದಾಗಿ, ಸೊಂಟದಲ್ಲಿ ಅಗಲವಾಗಿರುತ್ತವೆ. ಕೆಲವದರಲ್ಲಿ ಕಾಲಿನ ಕಡೆಗೆ ಹೆಚ್ಚು ತುಪ್ಪುಳವನ್ನೂ ತುಂಬಿರುತ್ತಾರೆ. ಎತ್ತರ ಕಡಿಮೆಯಿರುವ ಗಂಡಸರು ಅದನ್ನು ಕೊಳ್ಳಲು ನಾಚಬೇಕಾಗಿಲ್ಲ, ಭುಜ ಹಿಡಿಸಿದರೆ ಸಾಕು. ಮಕ್ಕಳ ಚೀಲವನ್ನು ಮಾತ್ರ ಅಗ್ಗವೆಂದು ಹಿಮಕ್ಕೆ ಒಯ್ಯಬೇಡಿ, ಏಕೆಂದರೆ ಉಷ್ಣತೆಯ ಅಂತಾರಾಷ್ಟ್ರೀಯ ಮಾನದಂಡ ಮಕ್ಕಳ ಚೀಲಗಳಿಗೆ ಅನ್ವಯಿಸುವುದೇ ಇಲ್ಲ.

ಐಎಸ್‌ಒ 23537 ಎಂಬ ಆ ಮಾನದಂಡದಲ್ಲಿ ‘ಕಂಫರ್ಟ್’ ಎಂದರೆ 160 ಸೆಂಟಿಮೀಟರ್ ಎತ್ತರ ಮತ್ತು 60 ಕಿಲೋ ತೂಕದ ಹೆಂಗಸು ಆರಾಮವಾಗಿ ಮಲಗಬಲ್ಲ ಉಷ್ಣತೆ. ‘ಲಿಮಿಟ್’ ಎಂದರೆ 173 ಸೆಂಟಿಮೀಟರ್, 73 ಕಿಲೋದ ಗಂಡಸು ಮುದುಡಿಕೊಂಡು ಮಲಗಿ ಸಹಿಸಬಲ್ಲ ಉಷ್ಣತೆ. ಸಣ್ಣ ಮೈಯವರು, ಗಂಡಸರಾದರೂ, ಕಂಫರ್ಟ್ ಅಂಕಿಯನ್ನೇ ನಂಬುವುದು ಕ್ಷೇಮ. ‘ಎಕ್ಸ್‌ಟ್ರೀಮ್’ ಎಂಬ ಮೂರನೆಯ ಅಂಕಿ ಜೀವ ಉಳಿಸಿಕೊಳ್ಳುವ ಮಟ್ಟದ್ದಾಗಿದ್ದು, ಜಾಹೀರಾತಿನಲ್ಲಿ ಅದನ್ನೇ ದೊಡ್ಡಕ್ಷರದಲ್ಲಿ ಹಾಕಿದ್ದರೆ ಆ ಚೀಲವನ್ನು ಬಿಟ್ಟು ಮುಂದೆ ಹೋಗುವುದೇ ಲೇಸು. ಡಿಸೆಂಬರ್ ಅಥವಾ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೋಗುವವರು ಕಂಫರ್ಟ್ ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲಿರುವ ಚೀಲವನ್ನು ಹುಡುಕಲಿ ಎಂಬುದು ನನ್ನ ಅಭಿಪ್ರಾಯ.

‘800 ಫಿಲ್ ಪವರ್’ ಎಂದರೆ ಸುಮಾರು 28 ಗ್ರಾಂ ತುಪ್ಪುಳ ಉಬ್ಬಿ 800 ಘನ ಅಂಗುಲ ಜಾಗ ತುಂಬುತ್ತದೆ ಎಂದರ್ಥ. ಇದು ತುಪ್ಪುಳದ ಗುಣವನ್ನು ಹೇಳುತ್ತದೆಯೇ ಹೊರತು ಚೀಲದ ಬೆಚ್ಚನೆಯನ್ನಲ್ಲ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು. ಗಿಡ್ಡ ಚೀಲದಲ್ಲಿ ಈ ತೂಕ ಸ್ವಲ್ಪ ಕಡಿಮೆ ಕಂಡರೆ ಗಾಬರಿಯಾಗಬೇಡಿ, ತುಂಬಬೇಕಾದ ಜಾಗವೇ ಅಲ್ಲಿ ಕಡಿಮೆ.

ಸಾಧ್ಯವಾದರೆ ಅಂಗಡಿಯಲ್ಲಿ, ತರಿಸಿಕೊಂಡದ್ದಾದರೆ ಚೀಟಿ ಕೀಳುವ ಮೊದಲು ಮನೆಯ ಜಗಲಿಯಲ್ಲಿ, ದಪ್ಪ ಬಟ್ಟೆ ತೊಟ್ಟು ಚೀಲದೊಳಗೆ ಮಲಗಿ ಜಿಪ್ ಎಳೆದು ನೋಡಿ. ಮಗ್ಗುಲಾಗಿ ಮಂಡಿ ಮಡಚಿದಾಗ ಹೊರಬಟ್ಟೆ ಬಿಗಿದರೆ ಅಲ್ಲಿ ತುಪ್ಪುಳ ಒತ್ತಿಹೋಗಿ ಚಳಿ ನುಗ್ಗುತ್ತದೆ. ಇದೇ ಕಾರಣಕ್ಕೆ ಬೆನ್ನಡಿಯ ತುಪ್ಪುಳವೂ ಪ್ರಯೋಜನಕ್ಕೆ ಬಾರದಿರುವುದರಿಂದ, ಕೆಳಗೆ ಹಾಸುವ ಮ್ಯಾಟ್‌ನಲ್ಲಿ ಉಳಿತಾಯ ಮಾಡಬಾರದು. ಉದ್ದದ ಚೀಲ ಈಗಾಗಲೇ ಮನೆಯಲ್ಲಿದ್ದರೆ, ಮರುದಿನ ತೊಡುವ ಒಣಬಟ್ಟೆಗಳನ್ನು ಕಾಲಿನ ತುದಿಗೆ ಸಡಿಲವಾಗಿ ತುಂಬಿ ಖಾಲಿ ಜಾಗವನ್ನು ಮುಚ್ಚಬಹುದು.

ನಮ್ಮ ಕಡೆಯವರಿಗೆ ಮಾತ್ರ ಇನ್ನೊಂದು ಸಂಕಟವಿದೆ. ತುಪ್ಪುಳಕ್ಕೆ ತೇವ ತಾಗಿದರೆ ಅದು ಮುದ್ದೆಯಾಗಿ ಗಾಳಿ ಹಿಡಿಯುವ ಗುಣವನ್ನು ಕಳೆದುಕೊಳ್ಳುತ್ತದೆ, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಚೀಲವನ್ನು ಅದರ ಸಣ್ಣ ಗಂಟಿನಲ್ಲಿ ತುರುಕಿಡದೆ, ಹತ್ತಿಬಟ್ಟೆಯ ದೊಡ್ಡ ಚೀಲದಲ್ಲಿ ಸಡಿಲವಾಗಿ, ಒಣಗಿರುವ ಕೋಣೆಯಲ್ಲಿ ತೂಗುಹಾಕಿ. ತೊಳೆಯುವುದಿದ್ದರೆ ಡೌನ್‌ಗೆಂದೇ ಇರುವ ಸೋಪು ಬಳಸಿ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿಯೇ ತೊಳೆಯಿರಿ; ಒದ್ದೆ ಚೀಲವನ್ನು ಒಂದು ತುದಿ ಹಿಡಿದೆತ್ತಿದರೆ ಒಳಗಿನ ಹೊಲಿಗೆ ಹರಿಯಬಹುದಾದ್ದರಿಂದ ಎರಡೂ ಕೈಗಳಿಂದ ಬಾಚಿ ಎತ್ತಿ, ನೆರಳಲ್ಲಿ ಹರವಿ, ಗಂಟುಗಟ್ಟಿದ ತುಪ್ಪುಳವನ್ನು ಆಗಾಗ ಬೆರಳಿನಿಂದ ಬಿಡಿಸುತ್ತಿರಬೇಕು. ಒಣಗಿತೆಂದು ಕೈಗೆ ಅನಿಸಿದ ಮೇಲೂ ಎರಡು ದಿನ ಹಾಗೆಯೇ ಬಿಟ್ಟು, ಆಮೇಲೆ ಎತ್ತಿಡಿ.